ಜೈಲಿನಲ್ಲಿರುವವರಿಗೆ ಉಚಿತ ವಕೀಲರ ಸೇವೆ: ಬೇಲ್‌ಗೆ ಚೆನ್ನಾಗಿದೆ, ಜೈಲಿನ ಮೇಲಿನ ದೂರಿಗೆ ಮಾತ್ರ ಬೆನ್ನು ಬಿಡದೆ ಓಡಾಡಬೇಕು

ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರ ಸೇವೆಯನ್ನು ನಾವು ನನ್ನ ತಮ್ಮನಿಗಾಗಿ ಎರಡು ಕೆಲಸಕ್ಕೆ ಬಳಸಿದ್ದೇವೆ. ಒಂದು, ಅವನ ಮೇಲಿದ್ದ ಕ್ರಿಮಿನಲ್ ಕೇಸಿಗೆ. ಇನ್ನೊಂದು, ಜೈಲಿನೊಳಗೆ ಅವನ ಕೈ ಮುರಿದಾಗ ಸರಿಯಾದ ಚಿಕಿತ್ಸೆ ಕೊಡಿಸಲಿಲ್ಲ ಅನ್ನುವ ದೂರಿಗೆ. ಮೊದಲನೆಯದಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಮನಸ್ಸು ಬಿಚ್ಚಿ. ಎರಡನೆಯದಕ್ಕೆ ಎರಡೂವರೆ. ಯಾಕೆ ಇಷ್ಟು ವ್ಯತ್ಯಾಸ ಅಂತ ವಿವರವಾಗಿ ಬರೆಯುತ್ತಿದ್ದೇನೆ. ಮನೆಯವರು ಯಾರಾದರೂ ಒಳಗಿದ್ದರೆ ಪೂರ್ತಿ ಓದಿ, ಉಪಯೋಗಕ್ಕೆ ಬರುತ್ತದೆ.

ನಮ್ಮದು ಶಿಡ್ಲಘಟ್ಟ. ನನ್ನದು ಹೊಲಿಗೆ ಅಂಗಡಿ, ತಮ್ಮ ರೇಷ್ಮೆ ಗೂಡು ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಒಂದು ಜಗಳದ ಕೇಸಿನಲ್ಲಿ ಅವನ ಹೆಸರೂ ಸೇರಿತು. ಕೇಸ್ ಇನ್ನೂ ಕೋರ್ಟಿನಲ್ಲಿದೆ, ಹಾಗಾಗಿ ಅದರ ಒಳಗೆ ಹೋಗುವುದಿಲ್ಲ. ಅವನು ಯಾವ ಜೈಲಿನಲ್ಲಿದ್ದ ಅಂತಲೂ ಬರೆಯುವುದಿಲ್ಲ. ಅವನು ಈಗ ಬೇಲ್ ಮೇಲೆ ಹೊರಗಿದ್ದಾನೆ, ಆದರೆ ಅವನ ಜೊತೆ ಅದೇ ಬ್ಯಾರಕ್‌ನಲ್ಲಿ ಮಲಗುತ್ತಿದ್ದವರು ಇನ್ನೂ ಒಳಗಿದ್ದಾರೆ. ಅವರಿಗೆ ನನ್ನಿಂದ ತೊಂದರೆ ಆಗಬಾರದು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಶುರುವಿನಲ್ಲಿ ಎಲ್ಲರ ಹಾಗೆ ನಾವೂ ದುಡ್ಡು ಕೊಟ್ಟು ಒಬ್ಬ ವಕೀಲರನ್ನು ಹಿಡಿದೆವು. ಅಮ್ಮನ ಓಲೆ ಅಡವಿಟ್ಟು ಮುಂಗಡ ಕೊಟ್ಟಿದ್ದಾಯಿತು. ಆಮೇಲೆ ಅವರು ಫೋನ್ ಎತ್ತುವುದೇ ನಿಂತುಹೋಯಿತು. ಬೇಲ್ ಅರ್ಜಿ ಹಾಕಿದ್ದಾರಾ ಇಲ್ಲವಾ ಅಂತ ಗೊತ್ತಾಗಲೂ ಇಲ್ಲ. ಪಕ್ಕದ ಬೀದಿಯ ಅಂಗನವಾಡಿ ಟೀಚರ್ ಒಬ್ಬರು 15100ಕ್ಕೆ ಫೋನ್ ಮಾಡಿ ನೋಡು ಅಂದರು. ಅದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ, ದೇಶದಲ್ಲಿ ಎಲ್ಲಿಂದ ಬೇಕಾದರೂ ಮಾಡಬಹುದು. ಪ್ರತಿ ತಾಲ್ಲೂಕು ಕೋರ್ಟಿನಲ್ಲೂ ಕಾನೂನು ಸೇವಾ ಸಮಿತಿ ಇರುತ್ತದೆ, ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರ ಇರುತ್ತದೆ. ಅದರ ಕಾರ್ಯದರ್ಶಿ ಒಬ್ಬ ಜಡ್ಜ್. ಇದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಸರ್ಕಾರಿ ಕಚೇರಿ ಅಂದರೆ ಹತ್ತು ಸರ್ಟಿಫಿಕೇಟ್ ಕೇಳುತ್ತಾರೆ ಅಂದುಕೊಂಡು ರೇಷನ್ ಕಾರ್ಡ್, ಆದಾಯ ಪತ್ರ, ಜಾತಿ ಪತ್ರ ಎಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿದ್ದೆ. ಅಲ್ಲಿದ್ದ ಮೇಡಂ ಅರ್ಜಿ ನೋಡಿ, "ತಮ್ಮ ಜೈಲಿನಲ್ಲಿದ್ದಾನೆ ಅಲ್ವಾ ಅಮ್ಮಾ, ಹಾಗಾದರೆ ಆದಾಯ ಪತ್ರ ಬೇಡ" ಅಂದರು.

ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಅಂತ ಒಂದಿದೆ, ಅದರ 12ನೇ ಸೆಕ್ಷನ್ನಿನಲ್ಲಿ ಯಾರಿಗೆಲ್ಲ ಉಚಿತ ವಕೀಲರು ಸಿಗುತ್ತಾರೆ ಅಂತ ಪಟ್ಟಿ ಇದೆ. ಪರಿಶಿಷ್ಟ ಜಾತಿ, ಪಂಗಡದವರು, ಹೆಂಗಸರು, ಮಕ್ಕಳು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಹೀಗೆ. ಅದೇ ಪಟ್ಟಿಯಲ್ಲಿ ಕಸ್ಟಡಿಯಲ್ಲಿರುವವರೂ ಇದ್ದಾರೆ. ಇವರಿಗೆಲ್ಲ ಆದಾಯದ ಮಿತಿ ಇಲ್ಲ. ಒಳಗಿರುವವನು ಶ್ರೀಮಂತನೋ ಬಡವನೋ ಅಂತ ಯಾರೂ ಕೇಳುವ ಹಾಗಿಲ್ಲ.

ಕೇಸಿಗೆ ಸಿಕ್ಕಿದ್ದು ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ಕಚೇರಿಯ ವಕೀಲರು. ಈ ವ್ಯವಸ್ಥೆ 2022ರ ಯೋಜನೆಯಿಂದ ಬಂದದ್ದು. ಹಿಂದೆ ಪ್ಯಾನೆಲ್ ವಕೀಲರು, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ಖಾಸಗಿ ವಕೀಲರು, ತಮ್ಮ ಸ್ವಂತ ಕೇಸುಗಳ ನಡುವೆ ಬಿಡುವಾದಾಗ ಇವನ್ನು ನೋಡುತ್ತಿದ್ದರು. ಈಗಿನವರದು ಪೂರ್ತಿ ಇದೇ ಕೆಲಸ, ಸಂಬಳ ಇರುತ್ತದೆ, ಖಾಸಗಿ ಕೇಸ್ ತೆಗೆದುಕೊಳ್ಳುವಂತಿಲ್ಲ. ನಮಗೆ ಸಿಕ್ಕ ವಕೀಲರಿಗೆ ವಯಸ್ಸು ಕಡಿಮೆ, ಮಾತು ಕಡಿಮೆ, ಕೆಲಸ ಜಾಸ್ತಿ. ಚಾರ್ಜ್‌ಶೀಟ್ ಪೂರ್ತಿ ಓದಿದ್ದರು, ತಮ್ಮನ ಹೆಸರು ಎಷ್ಟನೇ ಪುಟದಲ್ಲಿ ಬರುತ್ತದೆ ಅಂತ ನೋಡದೆ ಹೇಳಿದರು. ನಮ್ಮಮ್ಮನಿಗೆ ತೆಲುಗು ಚೆನ್ನಾಗಿ ಬರುತ್ತದೆ, ಕನ್ನಡದಲ್ಲಿ ಕಾನೂನಿನ ಮಾತು ಅಂದರೆ ತಡವರಿಸುತ್ತಾಳೆ. ಅವರು ತೆಲುಗಿನಲ್ಲೇ ಕೂರಿಸಿಕೊಂಡು ಹೇಳಿದರು. ನಮ್ಮ ಕಡೆ ಎಷ್ಟು ಮನೆಗಳಲ್ಲಿ ತೆಲುಗು ಆಡುತ್ತಾರೆ ಅಂತ ಗೊತ್ತಲ್ಲ, ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಬೇಲ್ ಕೊಡಿಸಿದ್ದೂ ಅವರೇ. ಒಂದು ರೂಪಾಯಿ ಕೇಳಲಿಲ್ಲ. ಟೀ ತರಿಸಿ ಕೊಡೋಣ ಅಂದರೆ ಅದನ್ನೂ ಬೇಡ ಅಂದರು.

ಈಗ ಕೈ ವಿಷಯಕ್ಕೆ ಬರುತ್ತೇನೆ.

ಬೇಲ್ ಸಿಗುವುದಕ್ಕೆ ಮುಂಚೆ, ಒಳಗೆ ಇಬ್ಬರು ಕೈದಿಗಳು ಹೊಡೆದಾಡಿಕೊಳ್ಳುವಾಗ ಬಿಡಿಸಲು ಹೋಗಿ ತಮ್ಮ ಕೆಳಗೆ ಬಿದ್ದ. ಎಡಗೈ ಮಣಿಕಟ್ಟಿಗೆ ಪೆಟ್ಟಾಯಿತು. ಜೈಲಿನ ಆಸ್ಪತ್ರೆಯಲ್ಲಿ ಮುಲಾಮು ಹಚ್ಚಿ, ನೋವಿನ ಮಾತ್ರೆ ಕೊಟ್ಟು, ಬ್ಯಾಂಡೇಜ್ ಸುತ್ತಿ ಕಳಿಸಿದರು. ಎಕ್ಸ್‌ರೇ ತೆಗೆಸಲಿಲ್ಲ. ಭೇಟಿಗೆ ಹೋದಾಗ ಅವನ ಕೈ ಕಪ್ಪಗೆ ಊದಿಕೊಂಡಿತ್ತು, ಬೆರಳು ಮಡಚಲು ಆಗುತ್ತಿರಲಿಲ್ಲ. ಹೊರಗಿನ ಆಸ್ಪತ್ರೆಗೆ ಕಳಿಸಿ ಅಂತ ಕೇಳಿದರೆ ಎಸ್ಕಾರ್ಟ್‌ಗೆ ಪೊಲೀಸರು ಇಲ್ಲ, ಬಂದಾಗ ಕಳಿಸುತ್ತೇವೆ ಅನ್ನುವ ಉತ್ತರ. ವಾರಗಟ್ಟಲೆ ಅದೇ ಉತ್ತರ. ಕೊನೆಗೆ ಕಳಿಸುವ ಹೊತ್ತಿಗೆ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಆ ಎಕ್ಸ್‌ರೇ ನನ್ನ ಹತ್ತಿರ ಇದೆ. ಅಂಗಡಿಯ ಟ್ಯೂಬ್‌ಲೈಟಿಗೆ ಹಿಡಿದರೆ ಡಾಕ್ಟರ್ ಬೇಕಾಗಿಲ್ಲ, ಯಾರಿಗಾದರೂ ಕಾಣುತ್ತದೆ, ಮಣಿಕಟ್ಟಿನ ಮೇಲೆ ಮೂಳೆ ಒಂದು ಮೆಟ್ಟಿಲಿನ ಹಾಗೆ ಮುರಿದು ನಿಂತಿದೆ. ಟೆಂಪೊದಲ್ಲಿ ಗೇರ್ ಹಾಕುವುದು ಎಡಗೈಯಲ್ಲಿ. ಈಗ ಅವನು ಮೂರನೇ ಗೇರಿನಿಂದ ನಾಲ್ಕಕ್ಕೆ ಹೋಗುವಾಗ ಮಣಿಕಟ್ಟು ತಿರುಗುವುದಿಲ್ಲ, ಇಡೀ ಭುಜ ಬಗ್ಗಿಸುತ್ತಾನೆ. ಲೋಡ್ ಗಾಡಿ ಕೊಡುವ ಮಾಲೀಕರು ಯಾರೂ ಒಪ್ಪುತ್ತಿಲ್ಲ.

ಈ ದೂರಿಗೆ ವಕೀಲರು ಬೇಕು ಅಂತ ಕೇಳಲು ಶುರುಮಾಡಿದಾಗ ನಮಗೆ ಸಿಕ್ಕ ಉತ್ತರಗಳೇ ಈ ಸೇವೆಯ ನಿಜವಾದ ಸಮಸ್ಯೆ. ಒಬ್ಬರು, ಜೈಲಿನ ಮೇಲೆ ಕೇಸ್ ಹಾಕಿದರೆ ಬೇಲ್ ಸಿಗುವುದಿಲ್ಲ ನೋಡಮ್ಮಾ ಅಂದರು. ಇದು ಸುಳ್ಳು. ಬೇಲ್‌ಗೂ ಇದಕ್ಕೂ ಸಂಬಂಧ ಇಲ್ಲ. ಆದರೆ ಒಳಗೆ ತಮ್ಮನನ್ನು ಬಿಟ್ಟು ಹೊರಗೆ ನಿಂತವರಿಗೆ ಆ ಮಾತು ಕೇಳಿದರೆ ಜೀವ ಝಲ್ ಅನ್ನುತ್ತದೆ, ಅಮ್ಮ ಆವತ್ತು ರಾತ್ರಿ ಪೂರ್ತಿ ಬೇಡ ಬಿಟ್ಟುಬಿಡು ಅಂತ ಅತ್ತಳು. ಇನ್ನೊಂದು ಕಡೆ ಒಬ್ಬ ಗುಮಾಸ್ತರು, ಕೈದಿಗೆ ಅವನ ಕೇಸಿಗೆ ಮಾತ್ರ ಫ್ರೀ ವಕೀಲರು, ಇಂಥದ್ದಕ್ಕೆಲ್ಲ ಕೊಡಲ್ಲ ಅಂದುಬಿಟ್ಟರು. ಅದೂ ತಪ್ಪು. ಕಾಯ್ದೆಯಲ್ಲಿ ಕಾನೂನು ಸೇವೆ ಅಂದರೆ ಕೋರ್ಟು, ಪ್ರಾಧಿಕಾರ, ನ್ಯಾಯಮಂಡಳಿ ಯಾವುದರ ಮುಂದೆಯಾದರೂ ಕೇಸ್ ನಡೆಸಿಕೊಡುವುದು ಮತ್ತು ಕಾನೂನು ಸಲಹೆ ಕೊಡುವುದು ಅಂತಲೇ ಇದೆ. ಕ್ರಿಮಿನಲ್ ಮಾತ್ರ ಅಂತ ಎಲ್ಲೂ ಇಲ್ಲ. ಮೇಲ್ನೋಟಕ್ಕೆ ಕೇಸಿನಲ್ಲಿ ಹುರುಳಿದೆ ಅಂತ ಪ್ರಾಧಿಕಾರಕ್ಕೆ ಅನಿಸಿದರೆ ಸಾಕು.

ಈ ಗೊಂದಲ ಬರುವುದು ಎಲ್ಲಿಂದ ಅಂದರೆ, ನಮ್ಮ ಕೇಸ್ ನೋಡಿದ ಆ ಒಳ್ಳೆಯ ವಕೀಲರ ಕಚೇರಿ ಇದೆಯಲ್ಲ, ಅದು ಕ್ರಿಮಿನಲ್ ಕೇಸಿಗೆ ಮಾತ್ರ. ಯೋಜನೆಯನ್ನೇ ಹಾಗೆ ಮಾಡಿದ್ದಾರೆ. ಅವರು ನನ್ನ ದೂರು ಪೂರ್ತಿ ಕೇಳಿ, "ಅಕ್ಕಾ, ಇದನ್ನು ನಾನು ಹಾಕುವಂತಿಲ್ಲ, ಕಾರ್ಯದರ್ಶಿಯವರಿಗೆ ಬೇರೆ ಅರ್ಜಿ ಕೊಡಿ, ಪ್ಯಾನೆಲ್ ವಕೀಲರು ಸಿಗುತ್ತಾರೆ" ಅಂದರು. ಅಂದರೆ ಒಳಗಿರುವ ಒಬ್ಬನೇ ಮನುಷ್ಯನಿಗೆ ಎರಡು ಅರ್ಜಿ, ಎರಡು ವಕೀಲರು, ಎರಡು ಓಡಾಟ. ಪೂರ್ತಿ ಸಮಯದ ವಕೀಲರೆಲ್ಲ ಒಂದು ಕಡೆ, ಜೈಲಿನ ಮೇಲಿನ ದೂರು ಇನ್ನೊಂದು ಕಡೆ. ನನ್ನ ಪ್ರಕಾರ ಇದು ಈ ಯೋಜನೆಯ ದೊಡ್ಡ ಕೊರತೆ. ವಾರ ವಾರ ಜೈಲಿಗೆ ಹೋಗಿ ಅವನ ಕೈಯನ್ನು ಕಣ್ಣಾರೆ ನೋಡುವ ವಕೀಲರಿಗೇ ಅದರ ಬಗ್ಗೆ ಜೈಲಿನ ಮೇಲೆ ಕೇಸ್ ಹಾಕಲು ಬಾರದಿದ್ದರೆ ಹೇಗೆ?

ವಕಾಲತ್ತಿನ ಕಥೆ ಕೇಳಿ. ವಕೀಲರು ಕೇಸ್ ನಡೆಸಬೇಕಾದರೆ ಕಕ್ಷಿದಾರ ವಕಾಲತ್ತಿಗೆ ಸಹಿ ಹಾಕಬೇಕು. ಕಕ್ಷಿದಾರ ಜೈಲಿನಲ್ಲಿದ್ದರೆ ಆ ಸಹಿ ಇವನದೇ ಅಂತ ಜೈಲಿನ ಅಧಿಕಾರಿ ದೃಢೀಕರಿಸಿ ಸೀಲ್ ಹಾಕಿಕೊಡಬೇಕು. ಬೇಲ್ ಅರ್ಜಿಗೆ ಇದು ತೊಂದರೆ ಇಲ್ಲ, ದಿನಾ ನಡೆಯುವ ಕೆಲಸ. ಆದರೆ ದೂರು ಇರುವುದೇ ಆ ಜೈಲಿನ ಮೇಲೆ ಆದಾಗ? ಕಾಗದ ಒಳಗೆ ಹೋಯಿತು, ವಾಪಸ್ ಬರಲಿಲ್ಲ. ಯಾವ ಕೇಸಿಗೆ, ಯಾರ ಮೇಲೆ ಅಂತ ತಮ್ಮನನ್ನು ಕರೆದು ಕೇಳಿದ್ದಾರೆ. ಹೊಡೆದಿಲ್ಲ, ಬೈದಿಲ್ಲ, ಸುಮ್ನೆ ಕೇಳಿದ್ದಾರೆ. ಅಷ್ಟೇ ಸಾಕಾಯಿತು. ಮುಂದಿನ ಭೇಟಿಯಲ್ಲಿ ಅವನು ನನಗೆ ಹೇಳಿದ್ದು, "ಅಕ್ಕಾ, ಕೈ ಹೋದರೆ ಹೋಗಲಿ, ಇಲ್ಲಿ ದಿನಾ ಇರಬೇಕಾದವನು ನಾನು." ಇದಕ್ಕೆ ನಾನು ಏನು ಹೇಳಲಿ ಹೇಳಿ.

ಇಂಥ ಹೊತ್ತಿನಲ್ಲಿ ಕೆಲಸಕ್ಕೆ ಬಂದದ್ದು ಜೈಲಿನೊಳಗಿನ ಕಾನೂನು ನೆರವು ಕ್ಲಿನಿಕ್. ಜೈಲುಗಳಲ್ಲಿ ಒಂದು ಕೋಣೆ ಇದಕ್ಕೆ ಅಂತ ಇರುತ್ತದೆ, ಪ್ರಾಧಿಕಾರದಿಂದ ಜೈಲು ಭೇಟಿ ವಕೀಲರು ಮತ್ತು ಪಿಎಲ್‌ವಿ ಅಂತ ಕರೆಯುವ ಕಾನೂನು ಸ್ವಯಂಸೇವಕರು ಬರುತ್ತಾರೆ. ಕಾರ್ಯದರ್ಶಿಯವರಿಗೆ ನಾನು ಕೈಯಾರೆ ಬರೆದುಕೊಟ್ಟ ಅರ್ಜಿ ನೋಡಿ ಅವರು ಜೈಲಿಗೆ ಪತ್ರ ಬರೆದು ಚಿಕಿತ್ಸೆಯ ವರದಿ ಕೇಳಿದರು, ಕ್ಲಿನಿಕ್ಕಿಗೆ ಬರುವ ವಕೀಲರಿಗೆ ಇವನನ್ನು ಖುದ್ದಾಗಿ ನೋಡಿ ಬರಲು ಹೇಳಿದರು. ಆ ಪತ್ರ ಹೋದ ಮೇಲೆಯೇ ಎಸ್ಕಾರ್ಟ್ ಸಿಕ್ಕಿದ್ದು, ಎಕ್ಸ್‌ರೇ ಆಗಿದ್ದು. ಹಾಗಾಗಿ ಪ್ರಾಧಿಕಾರದ ಮೇಲೆ ನನಗೆ ಬೇಸರ ಇಲ್ಲ, ಕೃತಜ್ಞತೆ ಇದೆ. ಒಂದು ಕಾಗದ ಹೋದರೆ ಆಗುವ ಕೆಲಸಕ್ಕೆ ಅಷ್ಟು ದಿನ ಯಾಕೆ ಕಾಯಬೇಕಾಯಿತು ಅನ್ನುವ ಸಿಟ್ಟು ಮಾತ್ರ ಇದೆ.

ಒಳಗಿಂದ ಒಂದು ಕಾಗದ ಹೊರಗೆ ಬಂದರೆ ಎಷ್ಟು ದೂರ ಹೋಗಬಹುದು ಅಂತ ಆಮೇಲೆ ತಿಳಿದುಕೊಂಡೆ. ಸುನಿಲ್ ಬಾತ್ರಾ ಅನ್ನುವವರು ತಿಹಾರ್ ಜೈಲಿನಲ್ಲಿದ್ದ ಕೈದಿ. ಅಲ್ಲಿ ಇನ್ನೊಬ್ಬ ಕೈದಿಗೆ ದುಡ್ಡಿಗಾಗಿ ವಾರ್ಡರ್ ಚಿತ್ರಹಿಂಸೆ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟಿಗೆ ಪತ್ರದಲ್ಲಿ ಬರೆದರು. ಕೋರ್ಟು ಆ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡು, ವಕೀಲರನ್ನು ನೇಮಿಸಿ ಜೈಲಿಗೆ ಕಳಿಸಿ, ಕೈದಿಯ ಜೊತೆ ಮಾತಾಡಿಸಿತು. ತೀರ್ಪು ಬಂದದ್ದು 1979ರ ಡಿಸೆಂಬರ್‌ನಲ್ಲಿ. ಜೈಲಿನಲ್ಲಿ ದೂರು ಪೆಟ್ಟಿಗೆ ಇಡಬೇಕು, ಕೋರ್ಟು ನೇಮಿಸಿದ ವಕೀಲರು ಕೈದಿಯ ಜೊತೆ ಗುಟ್ಟಾಗಿ ಮಾತಾಡಲು ಅವಕಾಶ ಕೊಡಬೇಕು ಅಂತ ಅದರಲ್ಲೇ ಹೇಳಿದ್ದಾರೆ. ಅಂದರೆ ಈ ಹಕ್ಕಿಗೆ ನನ್ನ ವಯಸ್ಸಿಗಿಂತ ಜಾಸ್ತಿ ವಯಸ್ಸು. ನೀಲಬತಿ ಬೆಹೆರಾ ಅನ್ನುವ ಒಡಿಶಾದ ತಾಯಿ, ಪೊಲೀಸ್ ಕಸ್ಟಡಿಯಲ್ಲಿದ್ದ ಮಗ ಸತ್ತಾಗ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದಳು. 1993ರಲ್ಲಿ ಕೋರ್ಟು ಆಕೆಗೆ 1,50,000 ರೂಪಾಯಿ ಪರಿಹಾರ ಕೊಡಿಸಿತು, ಕಸ್ಟಡಿಯಲ್ಲಿದ್ದವನ ಮೂಲಭೂತ ಹಕ್ಕಿಗೆ ಧಕ್ಕೆ ಬಂದರೆ ಸರ್ಕಾರವೇ ಪರಿಹಾರ ಕೊಡಬೇಕು ಅಂತ ಹೇಳಿತು. ಅದಕ್ಕೂ ಮುಂಚೆ 1983ರಲ್ಲಿ ಬಿಹಾರದ ರುದುಲ್ ಸಾಹ್ ಕೇಸ್. ಬಿಡುಗಡೆ ಆದೇಶ ಬಂದ ಮೇಲೂ 14 ವರ್ಷ ಒಳಗೇ ಇಟ್ಟಿದ್ದ ಮನುಷ್ಯ. ಒಟ್ಟು ಕೊಡಿಸಿದ್ದು 35,000. ಇದನ್ನು ಓದಿ ನನಗೆ ಹೊಟ್ಟೆ ಕಿವುಚಿತು, ಆದರೆ ದಾರಿ ಇದೆ ಅಂತಲೂ ಗೊತ್ತಾಯಿತು.

ನಮಗೆ ದಾರಿ ಆದದ್ದು ಅಮ್ಮ. ತಮ್ಮ ಸಹಿ ಹಾಕಲು ಹೆದರಿದಾಗ, ಪ್ಯಾನೆಲ್ ವಕೀಲರು ತಾಯಿಯ ಹೆಸರಿನಲ್ಲೇ ರಿಟ್, ಅಂದರೆ ಮೂಲಭೂತ ಹಕ್ಕಿಗಾಗಿ ಹೈಕೋರ್ಟಿಗೆ ಕೊಡುವ ಅರ್ಜಿ, ಹಾಕಬಹುದು ಅಂದರು. ಅದರಿಂದ ಇನ್ನೊಂದು ಅನುಕೂಲ ಆಯಿತು, ಇದನ್ನು ದಯವಿಟ್ಟು ಗಮನಿಸಿ. ಕಸ್ಟಡಿಯಲ್ಲಿದ್ದಾನೆ ಅನ್ನುವ ಕಾರಣಕ್ಕೆ ಸಿಗುವ ಉಚಿತ ವಕೀಲರ ಹಕ್ಕು, ಬೇಲ್ ಮೇಲೆ ಹೊರಗೆ ಬಂದ ದಿನ ಆ ಕಾರಣಕ್ಕೆ ಉಳಿಯುವುದಿಲ್ಲ. ಆಮೇಲೆ ಆದಾಯವೋ ಜಾತಿಯೋ ಬೇರೆ ಏನಾದರೂ ಕಾರಣ ತೋರಿಸಬೇಕು. ಕೈ ಮುರಿದದ್ದು ಒಳಗೆ, ಕೇಸ್ ಮುಗಿಯುವುದು ಹೊರಗೆ ಬಂದು ಎಷ್ಟೋ ಕಾಲದ ಮೇಲೆ. ಅಮ್ಮ ಅರ್ಜಿದಾರಳಾದರೆ ಆ ತಾಪತ್ರಯ ಇಲ್ಲ, ಹೆಂಗಸಿಗೆ ಆ ಪಟ್ಟಿಯಲ್ಲಿ ಬೇರೆಯೇ ಜಾಗ ಇದೆ. ಇಷ್ಟು ಮುಖ್ಯವಾದ ವಿಷಯವನ್ನು ಅರ್ಜಿ ಫಾರಂ ಕೊಡುವಾಗಲೇ ಎಲ್ಲರಿಗೂ ಹೇಳಬೇಕು. ನನಗೆ ಒಬ್ಬ ವಕೀಲರ ಬಾಯಿಂದ, ಅದೂ ಮಾತಿನ ನಡುವೆ, ಗೊತ್ತಾಯಿತು.

ರಿಟ್ ಅಂದರೆ ಹೈಕೋರ್ಟ್, ಅಂದರೆ ಬೆಂಗಳೂರು. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರಕ್ಕೂ ಬೆಂಗಳೂರು ಪೀಠವೇ. ಅಲ್ಲಿ ಹೈಕೋರ್ಟ್ ಕಾನೂನು ಸೇವಾ ಸಮಿತಿ ಅಂತ ಬೇರೆ ಇದೆ, ಜಿಲ್ಲೆಯಿಂದ ಕಾಗದ ಅಲ್ಲಿಗೆ ಹೋಗಿ, ಅಲ್ಲಿಂದ ವಕೀಲರು ನೇಮಕ ಆಗುತ್ತಾರೆ. ವಕೀಲರ ಫೀಸು ಮಾತ್ರ ಅಲ್ಲ, ಕೋರ್ಟ್ ಫೀ, ಟೈಪಿಂಗ್, ಕನ್ನಡದ ಕಾಗದಗಳನ್ನು ಇಂಗ್ಲಿಷಿಗೆ ಮಾಡಿಸುವುದು, ದೃಢೀಕೃತ ಪ್ರತಿ, ಎಲ್ಲ ಉಚಿತ ಸೇವೆಯಲ್ಲೇ ಬರುತ್ತದೆ. ಇಲ್ಲೊಂದು ಎಚ್ಚರಿಕೆ. ನಮ್ಮ ಜೊತೆ ಬೆಂಚಿನ ಮೇಲೆ ಕೂತಿದ್ದ ಒಬ್ಬ ಅಜ್ಜನಿಂದ ಅವರ ಕೇಸಿನ ಪ್ಯಾನೆಲ್ ವಕೀಲರು ಖರ್ಚಿಗೆ ಅಂತ ದುಡ್ಡು ಕೇಳಿದ್ದರಂತೆ. ಅವರು ಕೊಟ್ಟೂ ಇದ್ದರು. ಉಚಿತ ಸೇವೆಯಲ್ಲಿ ನೇಮಕವಾದ ವಕೀಲರು ಕಕ್ಷಿದಾರರ ಹತ್ತಿರ ಒಂದು ಪೈಸೆ ಕೇಳುವಂತಿಲ್ಲ, ನಿಯಮವೇ ಇದೆ. ಯಾರಾದರೂ ಕೇಳಿದರೆ ಕಾರ್ಯದರ್ಶಿಯವರಿಗೆ ಬರೆದುಕೊಡಿ, ವಕೀಲರನ್ನು ಬದಲಾಯಿಸಿ ಅಂತಲೂ ಕೇಳಿ.

ನಮ್ಮ ಹೈಕೋರ್ಟ್ ವಕೀಲರ ಬಗ್ಗೆ ಹೇಳಬೇಕೆಂದರೆ, ಕಾನೂನು ಚೆನ್ನಾಗಿ ಗೊತ್ತಿದೆ, ಅರ್ಜಿ ಚೆನ್ನಾಗಿ ಬರೆದಿದ್ದಾರೆ. ಆದರೆ ಅವರು ತಮ್ಮನನ್ನು ನೋಡಿಯೇ ಇಲ್ಲ. ನಾನು ವಾಟ್ಸಾಪಿನಲ್ಲಿ ಕಳಿಸಿದ ಎಕ್ಸ್‌ರೇ ಫೋಟೊ, ಓಪಿಡಿ ಚೀಟಿ, ಭೇಟಿಯ ದಿನಾಂಕಗಳು, ಇಷ್ಟರ ಮೇಲೆಯೇ ಅವರು ಕೇಸ್ ಕಟ್ಟಬೇಕಾಯಿತು. ಜೈಲಿನ ರಿಜಿಸ್ಟರಿನಲ್ಲಿ ಏನು ಬರೆದಿದ್ದಾರೆ ಅಂತ ಗೊತ್ತಾಗಬೇಕಾದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಕು, ಅದನ್ನೂ ನಾನೇ ಹಾಕಿದೆ. ಅವರಿಗೆ ಒಂದು ಕೇಸಿಗೆ ಸಿಗುವ ಫೀಸು ನೋಡಿದರೆ ಜೈಲಿಗೆ ಹೋಗಿ ಬನ್ನಿ ಅಂತ ಕೇಳಲೂ ಮನಸ್ಸು ಬರುವುದಿಲ್ಲ. ಈ ಫೀಸನ್ನು ಜಾಸ್ತಿ ಮಾಡಬೇಕು. ಕೈದಿಯ ಹಕ್ಕಿನ ಕೇಸಿನಲ್ಲಿ ಸಾಕ್ಷಿ ಪೂರ್ತಿ ಎದುರಾಳಿಯ ಕೈಯಲ್ಲಿ ಇರುತ್ತದೆ. ರಿಜಿಸ್ಟರ್ ಅವರದು, ಸಿಸಿಟಿವಿ ಅವರದು, ಡಾಕ್ಟರ್ ಅವರವರು, ನೋಡಿದವರು ಅವರ ಬೀಗದ ಒಳಗೆ. ಇಂಥ ಕೇಸಿಗೆ ಮಾಮೂಲಿ ಕೇಸಿಗಿಂತ ಜಾಸ್ತಿ ಓಡಾಟ ಬೇಕು, ನಮ್ಮ ವ್ಯವಸ್ಥೆಯಲ್ಲಿ ಕಡಿಮೆ ಓಡಾಟ ಸಿಗುವುದೇ ಇಂಥ ಕೇಸಿಗೆ.

ಬೇರೆ ದೇಶದಲ್ಲಿ ಹೇಗಿದೆ ಅಂತಲೂ ಹುಡುಕಿ ಓದಿದೆ. ಅಮೆರಿಕದಲ್ಲಿ 1963ರ ಗಿಡಿಯನ್ ತೀರ್ಪಿನಿಂದ ಗಂಭೀರ ಕ್ರಿಮಿನಲ್ ಕೇಸಿನ ಬಡ ಆರೋಪಿಗೆ ಸರ್ಕಾರದ ವಕೀಲರು ಸಿಗಲೇಬೇಕು. ಆದರೆ ಅಲ್ಲಿ ಕೈದಿ ತನ್ನ ನಾಗರಿಕ ಹಕ್ಕಿಗಾಗಿ ಜೈಲಿನ ಮೇಲೆ ಸಿವಿಲ್ ಕೇಸ್ ಹಾಕಿದರೆ ವಕೀಲರನ್ನು ಕೊಡಲೇಬೇಕು ಅಂತ ಇಲ್ಲ. 1996ರಲ್ಲಿ ಮಾಡಿದ ಕಾನೂನಿನ ಪ್ರಕಾರ ಮೊದಲು ಜೈಲಿನೊಳಗಿನ ದೂರಿನ ಹಂತಗಳನ್ನೆಲ್ಲ ಮುಗಿಸಿಯೇ ಕೋರ್ಟಿಗೆ ಬರಬೇಕು. ಕೈದಿ ಗೆದ್ದರೂ ವಕೀಲರಿಗೆ ಎದುರಾಳಿಯಿಂದ ಸಿಗುವ ಫೀಸಿಗೆ ಮಿತಿ ಹಾಕಿದ್ದಾರೆ. ಅದಕ್ಕೇ ಅಲ್ಲಿ ಬಹುತೇಕ ಕೈದಿಗಳು ವಕೀಲರಿಲ್ಲದೆ ತಾವೇ ಅರ್ಜಿ ಬರೆದು ಹಾಕುತ್ತಾರೆ. ಅದಕ್ಕೆ ಹೋಲಿಸಿದರೆ ನಮ್ಮ 12ನೇ ಸೆಕ್ಷನ್ ಎಷ್ಟೋ ಮೇಲು. ಇಷ್ಟು ಒಳ್ಳೆಯ ಕಾನೂನು ಇಟ್ಟುಕೊಂಡು ಕೌಂಟರಿನಲ್ಲಿ ಕೂತವರೇ ಸಿಗಲ್ಲ ಅಂತ ವಾಪಸ್ ಕಳಿಸಿದರೆ ಸಂಕಟ ಆಗುತ್ತದೆ.

ಜಮೀನಿನ ಕೇಸಿಗೂ ಇದೇ ಸೇವೆ ಸಿಗುತ್ತದೆ. ಗೌರಿಬಿದನೂರು ಕಡೆಯ ಒಬ್ಬ ಹೆಂಗಸು ಕಚೇರಿಯಲ್ಲಿ ಸಿಕ್ಕಿದ್ದರು. ಗಂಡ ಒಳಗಿದ್ದಾಗ ದಾಯಾದಿಗಳು ಭಾಗದ ದಾವೆ ಹಾಕಿದ್ದರು. ಕೈದಿಗೆ ಸಮನ್ಸ್ ಜೈಲಿನ ಅಧಿಕಾರಿಯ ಮೂಲಕ ಬರುತ್ತದೆ. ಅದು ಕೈಗೆ ಬಂದರೂ ಏನು ಮಾಡಬೇಕು ಅಂತ ಅವನಿಗೆ ಗೊತ್ತಾಗಲಿಲ್ಲ, ಇನ್ನೇನು ಏಕಪಕ್ಷೀಯವಾಗಿ ತೀರ್ಮಾನ ಆಗುವುದರಲ್ಲಿತ್ತು. ಪ್ಯಾನೆಲ್ ವಕೀಲರು ಹಾಜರಾಗಿ ಉಳಿಸಿದರು ಅಂತ ಆಕೆ ಕೈ ಮುಗಿದು ಹೇಳಿದರು. ಒಳಗಿರುವವರ ಹೆಸರಿಗೆ ಬರುವ ಯಾವ ಕಾಗದವನ್ನೂ ನಿರ್ಲಕ್ಷ್ಯ ಮಾಡಬೇಡಿ.

ಇನ್ನು ಬದಲಾಗಬೇಕಾದದ್ದು. 2024ರ ಅಕ್ಟೋಬರ್‌ನಲ್ಲಿ ಸುಹಾಸ್ ಚಕ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಕೈದಿಗಳ ಕಾನೂನು ನೆರವಿನ ಬಗ್ಗೆಯೇ ತೀರ್ಪು ಕೊಟ್ಟಿದೆ. ಪೊಲೀಸ್ ಠಾಣೆ, ಅಂಚೆ ಕಚೇರಿ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಹತ್ತಿರದ ಕಾನೂನು ನೆರವು ಕಚೇರಿಯ ವಿಳಾಸ, ಫೋನ್ ನಂಬರ್ ಇರುವ ಬೋರ್ಡನ್ನು ಸ್ಥಳೀಯ ಭಾಷೆಯಲ್ಲಿ ಹಾಕಬೇಕು ಅಂತ ಅದರಲ್ಲಿದೆ. ನಿಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿ ಅಂತ ಬರೆದುಕೊಡಿ. ಆ ಬೋರ್ಡಿನಲ್ಲಿ ಒಂದು ಸಾಲು ಜಾಸ್ತಿ ಇರಬೇಕು ಅಂತ ನನ್ನ ಆಸೆ: ಜೈಲಿನಲ್ಲಿ ಹೊಡೆತ, ಚಿಕಿತ್ಸೆ ಇಲ್ಲದಿರುವುದು, ಜಾತಿ ನೋಡಿ ಕೆಲಸ ಹಚ್ಚುವುದು, ಇವಕ್ಕೂ ಉಚಿತ ವಕೀಲರು ಸಿಗುತ್ತಾರೆ ಅಂತ. ಜಾತಿಯ ವಿಷಯ ಸುಮ್ನೆ ಸೇರಿಸಿದ್ದಲ್ಲ. ಅದೇ ತಿಂಗಳು ಸುಕನ್ಯಾ ಶಾಂತಾ ಕೇಸಿನಲ್ಲಿ, ಜೈಲಿನಲ್ಲಿ ಜಾತಿ ನೋಡಿ ಗುಡಿಸುವ, ತೊಳೆಯುವ, ಅಡುಗೆ ಕೆಲಸ ಹಂಚುವ ನಿಯಮಗಳು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಬಂದಿದೆ, ಇದನ್ನು ಪರಿಶೀಲಿಸುವ ಕೆಲಸವನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ವಹಿಸಿದ್ದಾರೆ. ಹಾಗಾದರೆ ಆ ದೂರನ್ನು ಕೈದಿ ಯಾರಿಗೆ ಹೇಳಬೇಕು? ಕ್ಲಿನಿಕ್ ಕೋಣೆಯ ಬಾಗಿಲಲ್ಲಿ ವಾರ್ಡರ್ ನಿಂತಿದ್ದರೆ ಬಾಯಿ ಬಿಡುತ್ತಾನಾ? ಕೈದಿಯ ಜೊತೆ ವಕೀಲರು ಒಬ್ಬರೇ ಕೂತು ಮಾತಾಡುವ ವ್ಯವಸ್ಥೆ ಮತ್ತು ವಕಾಲತ್ತಿಗೆ ಕ್ಲಿನಿಕ್ಕಿನ ವಕೀಲರೇ ದೃಢೀಕರಣ ಕೊಡುವ ವ್ಯವಸ್ಥೆ, ಈ ಎರಡು ಮಾಡಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಬಳಸುವವರಿಗೆ ಸ್ವಲ್ಪ ಹೇಳುತ್ತೇನೆ. ಬಾಯಿ ಮಾತಿನಲ್ಲಿ ಕೇಳಬೇಡಿ, ಬರೆದೇ ಕೊಡಿ. ಅರ್ಜಿಯಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ ಸೆಕ್ಷನ್ 12ರ ಅಡಿಯಲ್ಲಿ, ಕಸ್ಟಡಿಯಲ್ಲಿರುವ ವ್ಯಕ್ತಿಯ ಮೂಲಭೂತ ಹಕ್ಕಿನ ಬಗ್ಗೆ ಅರ್ಜಿ ಹಾಕಲು ವಕೀಲರು ಬೇಕು ಅಂತ ಸ್ಪಷ್ಟವಾಗಿ ಬರೆಯಿರಿ. ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಬರೆದುಕೊಡಿ ಅನ್ನಿ. ನಮ್ಮ ಗುಮಾಸ್ತರು ಆ ಮಾತು ಕೇಳಿದ ಮೇಲೆ ಎದ್ದು ಒಳಗೆ ಹೋಗಿ, ಫಾರಂ ತಂದುಕೊಟ್ಟರು. ಭೇಟಿಗೆ ಹೋದ ದಿನವೇ ಏನು ನೋಡಿದಿರಿ, ಅವನು ಏನು ಹೇಳಿದ, ಯಾವ ಮಾತ್ರೆ ಕೊಟ್ಟಿದ್ದಾರೆ ಅಂತ ಒಂದು ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಬರೆದಿಡಿ. ನಾನು ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿದ್ದು, ಈಗ ಅದರ ಜೆರಾಕ್ಸ್ ಹೈಕೋರ್ಟ್ ಫೈಲಿನಲ್ಲಿ ಇದೆ. ಚಿಕಿತ್ಸೆ ತುರ್ತಾಗಿ ಬೇಕಿದ್ದರೆ ರಿಟ್‌ಗೆ ಕಾಯಬೇಡಿ, ಕೇಸ್ ನಡೆಯುತ್ತಿರುವ ಕೋರ್ಟಿನಲ್ಲೇ ಆಸ್ಪತ್ರೆಗೆ ಕಳಿಸಲು ಆದೇಶ ಕೊಡಿ ಅಂತ ಕ್ರಿಮಿನಲ್ ಕೇಸಿನ ವಕೀಲರ ಕೈಯಲ್ಲೇ ಅರ್ಜಿ ಹಾಕಿಸಬಹುದು.

ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಬಹುದು, ಅದಕ್ಕೆ ವಕೀಲರೂ ಬೇಡ, ಫೀಸೂ ಬೇಡ. ರಾಜ್ಯ ಆಯೋಗ ಬೆಂಗಳೂರಿನಲ್ಲಿದೆ. ಘಟನೆ ನಡೆದು ಒಂದು ವರ್ಷ ಕಳೆದರೆ ತೆಗೆದುಕೊಳ್ಳುವುದಿಲ್ಲ. ರಾಜ್ಯ ಆಯೋಗದಲ್ಲಿ ಆಗಲೇ ನಡೆಯುತ್ತಿರುವ ದೂರನ್ನು ರಾಷ್ಟ್ರೀಯ ಆಯೋಗ ತೆಗೆದುಕೊಳ್ಳುವುದಿಲ್ಲ, ಒಂದು ಕಡೆ ಮಾತ್ರ ಕೊಡಿ.

ನಮ್ಮ ರಿಟ್ ಇನ್ನೂ ನಡೆಯುತ್ತಿದೆ. ಸರ್ಕಾರದ ಕಡೆಯವರು ಉತ್ತರ ಹಾಕಲು ಸಮಯ ಕೇಳಿದ್ದಾರೆ. ತೀರ್ಪು ಬಂದ ಮೇಲೆ ಎರಡನೆಯ ರೇಟಿಂಗ್ ಬದಲಾಗಬಹುದು, ಬಂದಾಗ ಇಲ್ಲೇ ಬರೆಯುತ್ತೇನೆ. ಅರ್ಜಿ ಹೇಗೆ ಬರೆಯಬೇಕು ಅಂತ ಗೊತ್ತಾಗದವರು ಕೇಳಿ, ನಾನು ಕೊಟ್ಟ ಅರ್ಜಿಯಲ್ಲಿ ಹೆಸರುಗಳನ್ನು ತೆಗೆದು ಕನ್ನಡದಲ್ಲೇ ಟೈಪ್ ಮಾಡಿಸಿ ಇಟ್ಟಿದ್ದೇನೆ, ಕಳಿಸುತ್ತೇನೆ.